ಹಳೇ ವ್ಯಾನ್ ಕೊಳ್ಳೋ ಮುಂಚೆ: ಫಿಟ್‌ನೆಸ್ ತಾರೀಖು ಮಾತ್ರ ಅಲ್ಲ, ಎರಡು ತಾರೀಖಿನ ನಡುವಿನ ಗ್ಯಾಪ್ ನೋಡಿ

ಈ ವಾರದ ಮಾತುಕತೆಯ ಬರಹರೂಪ ಇದು. ವಿಡಿಯೋದಲ್ಲಿ ಅವಸರಕ್ಕೆ ಬಿಟ್ಟುಹೋದ ಒಂದೆರಡು ವಿಷಯವನ್ನೂ ಇಲ್ಲಿ ಸೇರಿಸಿದ್ದೀನಿ.

ನನ್ನ ಆಫೀಸು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. ಮಿಠಿ ನದಿ ದಾಟಿದರೆ ಧಾರಾವಿ. ಅಲ್ಲಿ ನೈಂಟಿ ಫೀಟ್ ರೋಡಿನಿಂದ ಒಳಗೆ ಹೋದರೆ ಒಂದು ಸಣ್ಣ ಗಾಳಾದಲ್ಲಿ ನಮ್ಮಪ್ಪನ ಸ್ನೇಹಿತರೊಬ್ಬರು ಚರ್ಮದ ಬ್ಯಾಗು, ಪರ್ಸು ಹೊಲಿಸ್ತಾರೆ. ಆಳಂದ ಕಡೆಯವರು, ಮುಂಬೈಗೆ ಬಂದು ಮೂವತ್ತು ವರ್ಷ ಆಯ್ತು. ನಾನು ಅವರನ್ನ ಕಾಕಾ ಅಂತೀನಿ.

2025ರ ಫೆಬ್ರವರಿಯಲ್ಲಿ ಒಂದು ರಾತ್ರಿ ಅವರ ಫೋನ್ ಬಂತು.

"ತಮ್ಮಾ, ಒಂದು ಗಾಡಿ ನೋಡೀನಿ. ಈಕೋ ಕಾರ್ಗೋ. ಕಾಗದಪತ್ರ ಎಲ್ಲಾ ಕ್ಲಿಯರ್ ಅದ ಅಂತ ಹೇಳ್ಯಾರ. ನೀ ಕಂಪ್ಯೂಟರ್‌ದಾಗ ಒಮ್ಮೆ ನೋಡು. ನಾಡಿದ್ದು ರೊಕ್ಕ ಕೊಡೂದದ."

2016ರ ಅಕ್ಟೋಬರ್‌ನಲ್ಲಿ ನೋಂದಣಿಯಾದ ಗಾಡಿ. ಹಳದಿ ಪ್ಲೇಟು, ಕಂಪನಿಯಿಂದಲೇ ಬಂದ ಸಿಎನ್‌ಜಿ, ಕೇಳಿದ್ದು 2 ಲಕ್ಷ 30 ಸಾವಿರ. ಕಾಕಾ ಆಗಲೇ 10 ಸಾವಿರ ಟೋಕನ್ ಕೊಟ್ಟಾಗಿತ್ತು. ಉಳಿದದ್ದರಲ್ಲಿ ಮುಕ್ಕಾಲು ಪಾಲು ಭಿಶಿ ಎತ್ತಿದ ದುಡ್ಡು. ಗಾಡಿ ಓಡಿಸೋನು ಅವರ ಮಗ, ಹೊಸದಾಗಿ ಲೈಸೆನ್ಸ್ ಆದ ಹುಡುಗ.

ನಂಬರ್ ಹಾಕಿ ವಾಹನ್ ಪೋರ್ಟಲ್‌ನಲ್ಲಿ ನೋಡಿದೆ. ಆರ್‌ಸಿ ಸ್ಥಿತಿ ಆ್ಯಕ್ಟಿವ್. ಫಿಟ್‌ನೆಸ್ 2026ರ ಜನವರಿವರೆಗೆ. ಇನ್ಶೂರೆನ್ಸ್ ಇದೆ, ಪಿಯುಸಿ ಇದೆ, ತೆರಿಗೆ ಕಟ್ಟಿದೆ, ಬ್ಲ್ಯಾಕ್‌ಲಿಸ್ಟ್‌ನಲ್ಲಿಲ್ಲ, ಬ್ಯಾಂಕಿನ ಸಾಲವೂ ಇಲ್ಲ. "ಎಲ್ಲಾ ಸರಿ ಇದೆ ಕಾಕಾ" ಅಂತ ಮೆಸೇಜ್ ಟೈಪ್ ಮಾಡಿದೆ. ಕಳಿಸಲಿಲ್ಲ. ಯಾಕೆ ಕಳಿಸಲಿಲ್ಲ ಅನ್ನೋದೇ ಇವತ್ತಿನ ವಿಷಯ.

ಪಾಸ್ ಅಂದ್ರೆ ಆ ದಿನ ಪಾಸ್

ನಮ್ಮ ಕೆಲಸದಲ್ಲಿ ಬಿಲ್ಡ್ ಪಾಸ್ ಆಯ್ತು ಅಂದರೆ ಏನರ್ಥ ಅಂತ ನಿಮಗೆ ಗೊತ್ತು. ಆ ಕ್ಷಣಕ್ಕೆ, ಆ ಟೆಸ್ಟ್‌ಗಳಿಗೆ ಪಾಸ್. ಹಿಂದಿನ ಆರು ತಿಂಗಳು ಆ ಕೋಡ್ ಏನೇನು ಪಾಡು ಪಟ್ಟಿದೆ ಅಂತ ತಿಳಿಯೋಕೆ ಲಾಗ್ ನೋಡಬೇಕು. ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟೂ ಹೀಗೇ. ಪೋರ್ಟಲ್‌ನಲ್ಲಿ ಕಾಣೋದು ಕೊನೆಯ ತಾರೀಖು ಒಂದೇ. ಅದರ ಹಿಂದಿನ ಎಂಟು ವರ್ಷ ಅಲ್ಲಿ ಕಾಣಲ್ಲ.

ಬ್ರಿಟನ್‌ನಲ್ಲಿರೋ ಗೆಳೆಯನಿಗೆ ಇದನ್ನ ಹೇಳಿದಾಗ ಅವನಿಗೆ ಆಶ್ಚರ್ಯ. ಅಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಒಟಿ ಅನ್ನೋ ತಪಾಸಣೆ ಕಡ್ಡಾಯ. ಸರ್ಕಾರದ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿದರೆ ಸಾಕು, 2005ರಿಂದ ಈಚೆಗೆ ಯಾವ ದಿನ ಪಾಸಾಯ್ತು, ಯಾವ ದಿನ ಫೇಲಾಯ್ತು, ಯಾಕೆ ಫೇಲಾಯ್ತು, ಆವತ್ತು ಮೀಟರ್ ಎಷ್ಟು ಮೈಲಿ ತೋರಿಸ್ತಿತ್ತು ಎಲ್ಲಾ ಬರುತ್ತೆ. ಅದೂ ಪುಕ್ಕಟೆ. "ಮುಂದಿನ ಸಲದೊಳಗೆ ಈ ಟೈರ್ ಬದಲಾಯಿಸು" ಅನ್ನೋ ಸಲಹೆ ಕೂಡ ದಾಖಲಾಗಿರುತ್ತೆ.

ನಮ್ಮಲ್ಲಿ ಹಾಗೆ ಒಂದೇ ಪುಟದಲ್ಲಿ ಎಲ್ಲಾ ಸಿಗಲ್ಲ. ಹಾಗಂತ ಇತಿಹಾಸವೇ ಇಲ್ಲ ಅಂತಲ್ಲ. ಫಿಟ್‌ನೆಸ್ ಸರ್ಟಿಫಿಕೇಟಿನಲ್ಲಿ ಒಂದು ಚೂರು, ಇನ್ಶೂರೆನ್ಸ್ ಪಾಲಿಸಿಯಲ್ಲಿ ಒಂದು ಚೂರು, ಪಿಯುಸಿಯಲ್ಲಿ, ಸಿಎನ್‌ಜಿ ಸಿಲಿಂಡರ್ ಪ್ಲೇಟಿನಲ್ಲಿ, ಸರ್ವಿಸ್ ಬಿಲ್ಲಿನಲ್ಲಿ ಒಂದೊಂದು ಚೂರು. ಕೂಡಿಸೋ ಕೆಲಸ ಕೊಳ್ಳೋನದು.

ಮೊದಲು ಪ್ಲೇಟಿನ ಬಣ್ಣ ನೋಡಿ

ಇಲ್ಲಿ ತುಂಬಾ ಜನ ಎಡವ್ತಾರೆ. ಬಿಳಿ ಪ್ಲೇಟಿನ ಖಾಸಗಿ ವ್ಯಾನಿಗೆ ಮೊದಲ 15 ವರ್ಷ ಫಿಟ್‌ನೆಸ್ ತಪಾಸಣೆ ಅನ್ನೋದೇ ಇಲ್ಲ. ಶುರುವಿನಲ್ಲಿ ಸಿಗೋ ನೋಂದಣಿಯ ಆಯಸ್ಸು 15 ವರ್ಷ, ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2012ರ ಓಮ್ನಿಗೆ "2027ರವರೆಗೆ ಫಿಟ್‌ನೆಸ್ ಇದೆ ಸರ್" ಅಂತ ಏಜೆಂಟ್ ಹೇಳಿದರೆ ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಆ ತಾರೀಖು ಗಾಡಿ ಹುಟ್ಟಿದ ದಿನವೇ ಬರೆದಿದ್ದು. ಹೊಗೆ ಪರೀಕ್ಷೆ ಬಿಟ್ಟರೆ ಆ ಗಾಡಿಯನ್ನ ಯಾವ ಇನ್ಸ್‌ಪೆಕ್ಟರೂ ನೋಡಿಲ್ಲದೇ ಇರಬಹುದು. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ, ಹಾಗಾಗಿ ಮಾರ್ಕೆಟ್‌ನಲ್ಲಿರೋ ಓಮ್ನಿಗಳೆಲ್ಲಾ ಹಳೆಯವೇ. 15 ವರ್ಷದ ಗಡಿ ಹತ್ತಿರ ಇದ್ದರೆ ನವೀಕರಣದ ಖರ್ಚನ್ನ ಬೆಲೆಯಲ್ಲಿ ಕಳೆಯಿರಿ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಖಾಸಗಿ ಕಾರು, ವ್ಯಾನಿನ ನವೀಕರಣ ಶುಲ್ಕ 5,000 ರೂಪಾಯಿ ಆಯ್ತು. ತಡವಾದರೆ ತಿಂಗಳಿಗೆ 500 ಬೇರೆ. ಮಹಾರಾಷ್ಟ್ರದಲ್ಲಿ ಇದರ ಮೇಲೆ ಪರಿಸರ ತೆರಿಗೆಯೂ ಇದೆ.

ಹಳದಿ ಪ್ಲೇಟಿನ ಲೆಕ್ಕ ಬೇರೆ. ಹೊಸ ಗಾಡಿಗೆ ಮೊದಲ ಸಲ ಎರಡು ವರ್ಷದ ಫಿಟ್‌ನೆಸ್. ಎಂಟು ವರ್ಷ ಆಗೋವರೆಗೆ ಎರಡೆರಡು ವರ್ಷಕ್ಕೊಮ್ಮೆ ನವೀಕರಣ, ಎಂಟು ದಾಟಿದ ಮೇಲೆ ಪ್ರತಿ ವರ್ಷ. ಕಾಕಾ ನೋಡಿದಂಥ ಸಣ್ಣ ಗೂಡ್ಸ್ ವ್ಯಾನಿನ ಒಟ್ಟು ತೂಕ 3,000 ಕಿಲೋ ಮೀರಲ್ಲ, ಅದಕ್ಕೆ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ನಿನಲ್ಲಿ ಪರ್ಮಿಟ್‌ನಿಂದ ವಿನಾಯಿತಿ ಇದೆ. ಫಿಟ್‌ನೆಸ್‌ನಿಂದ ಇಲ್ಲ. 56ನೇ ಸೆಕ್ಷನ್ ಪ್ರಕಾರ ಫಿಟ್‌ನೆಸ್ ಮುಗಿದ ಗೂಡ್ಸ್ ಗಾಡಿ ಕಾನೂನಿನ ಕಣ್ಣಿಗೆ ನೋಂದಣಿಯೇ ಇಲ್ಲದ ಗಾಡಿ. ಆ ಸ್ಥಿತಿಯಲ್ಲಿ ಅಪಘಾತ ಆದರೆ ಇನ್ಶೂರೆನ್ಸ್ ಕಂಪನಿ ಮೊದಲು ಎತ್ತೋ ತಕರಾರೇ ಅದು.

ತಾರೀಖುಗಳನ್ನ ಸಾಲಾಗಿ ಬರೀರಿ

"ಕಾಕಾ, ಹಳೇ ಫಿಟ್‌ನೆಸ್ ಸರ್ಟಿಫಿಕೇಟು, ಹಳೇ ಇನ್ಶೂರೆನ್ಸು ಎಲ್ಲಾ ಕೇಳ್ರಿ" ಅಂದೆ.

"ಹಳೇವ್ಯಾಕ ತಮ್ಮಾ? ಹೊಸದು ಪಾಸ್ ಆಗ್ಯದಲ್ಲ. ಸರಕಾರದವ್ರೇ ನೋಡ್ಯಾರ."

"ಒಂದು ದಿನ ನೋಡ್ಯಾರ್ರೀ ಕಾಕಾ. ಉಳಿದ ದಿನದ ಕಥಿ ಯಾರು ಹೇಳ್ತಾರ?"

ಏಜೆಂಟ್ ಮೊದಲು ಹಳೇದೆಲ್ಲಾ ಇಲ್ಲ ಅಂದ. ಟೋಕನ್ ವಾಪಸ್ ಕೇಳಿದ ಮೇಲೆ ಮಾರನೇ ದಿನ ವಾಟ್ಸಾಪ್‌ನಲ್ಲಿ ಫೋಟೋಗಳು ಬಂದವು. ಪೇಪರ್ ಮೇಲೆ ಸಾಲಾಗಿ ಬರೆದೆ.

ಮೊದಲ ಫಿಟ್‌ನೆಸ್ 2016ರ ಅಕ್ಟೋಬರ್‌ನಿಂದ 2018ರ ಅಕ್ಟೋಬರ್. ಎರಡನೇದು 2018ರಿಂದ 2020ರ ಅಕ್ಟೋಬರ್. ಮೂರನೇದು 2021ರ ನವೆಂಬರ್‌ನಿಂದ 2023ರ ನವೆಂಬರ್. ನಾಲ್ಕನೇದು 2025ರ ಜನವರಿಯಿಂದ 2026ರ ಜನವರಿ.

ಎರಡು ಗ್ಯಾಪ್. 2020ರಿಂದ 2021ರವರೆಗೆ ಸುಮಾರು ಒಂದು ವರ್ಷ, 2023ರಿಂದ 2025ರವರೆಗೆ 14 ತಿಂಗಳು. ನೋಡೋಕೆ ಎರಡೂ ಒಂದೇ ಥರ. ಆದರೆ ಮೊದಲನೇದಕ್ಕೆ ಹೆದರಬೇಕಾಗಿಲ್ಲ. ಕೋವಿಡ್ ಸಮಯದಲ್ಲಿ, 2020ರ ಫೆಬ್ರವರಿ 1ರ ನಂತರ ಅವಧಿ ಮುಗಿದ ವಾಹನ ದಾಖಲೆಗಳನ್ನ ಊರ್ಜಿತ ಅಂತಲೇ ಪರಿಗಣಿಸಿ ಅಂತ ಕೇಂದ್ರ ಸಾರಿಗೆ ಸಚಿವಾಲಯ ಹೇಳಿತ್ತು. ಆ ಅವಧಿ ಮುಂದೆ ಹೋಗ್ತಾ ಹೋಗ್ತಾ ಕೊನೆಗೆ 2021ರ ಅಕ್ಟೋಬರ್ 31ಕ್ಕೆ ನಿಂತಿತು. ಈ ಗಾಡಿ ನವೆಂಬರ್‌ನಲ್ಲೇ ತಪಾಸಣೆಗೆ ಹೋಗಿದೆ. ಮಾಲೀಕ ಶಿಸ್ತಿನವನೇ. ಆ ವರ್ಷಗಳ ಯಾವ ಗಾಡಿ ನೋಡಿದರೂ ಈ ಗ್ಯಾಪ್ ಸಿಗಬಹುದು, ಅದನ್ನ ಹಿಡಿದು ಜಗಳ ಆಡಬೇಡಿ.

ಎರಡನೇ ಗ್ಯಾಪ್‌ಗೆ ಅಂಥ ನೆಪ ಇಲ್ಲ. ಫಿಟ್‌ನೆಸ್ ಮುಗಿದ ಮೇಲೆ ತಡವಾದ ಪ್ರತಿ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕ ಅಂತ ಕೇಂದ್ರದ ನಿಯಮ ಇದೆ. ಕೆಲವು ರಾಜ್ಯಗಳು ಆಗಾಗ ವಿನಾಯಿತಿ ಕೊಟ್ಟಿರೋದೂ ಉಂಟು. ವಿನಾಯಿತಿ ಇಲ್ಲದಿದ್ದರೆ 14 ತಿಂಗಳಿಗೆ 20 ಸಾವಿರದ ಮೇಲೆ ಆಯ್ತು. ದಿನಾ ದುಡಿಯೋ ಗೂಡ್ಸ್ ಗಾಡಿಯನ್ನ, ಅದೂ ಅಲ್ಲಿವರೆಗೆ ತಪ್ಪದೆ ಫಿಟ್‌ನೆಸ್ ಮಾಡಿಸಿದ ಮಾಲೀಕ, 14 ತಿಂಗಳು ಯಾಕೆ ನಿಲ್ಲಿಸಿದ? ಪಿಯುಸಿ ನೋಡಿದೆ. ಬಿಎಸ್ 4 ಗಾಡಿಗೆ ವರ್ಷಕ್ಕೊಂದು ಪಿಯುಸಿ ಬೇಕು. ಅದರಲ್ಲೂ ಇದೇ ತಿಂಗಳುಗಳು ಖಾಲಿ. ಅಂದರೆ ಗಾಡಿ ರಸ್ತೆ ಮೇಲೆ ಇರಲಿಲ್ಲ, ಎಲ್ಲೋ ನಿಂತಿತ್ತು.

ಕೇಳಿದ್ದಕ್ಕೆ ಏಜೆಂಟ್ ಹೇಳಿದ್ದು: "ಮಾಲೀಕರು ಊರಿಗೆ ಹೋಗಿದ್ರು."

ಇನ್ಶೂರೆನ್ಸ್‌ನಲ್ಲಿ ಒಂದು ಅಂಕಿ

ಹಳೇ ಪಾಲಿಸಿಗಳಲ್ಲಿ ಎನ್‌ಸಿಬಿ ಅಂತ ಒಂದು ಸಾಲು ಇರುತ್ತೆ, ನೋ ಕ್ಲೇಮ್ ಬೋನಸ್. ಕ್ಲೇಮ್ ಮಾಡದೆ ಒಂದು ವರ್ಷ ಕಳೆದರೆ ಮುಂದಿನ ಪಾಲಿಸಿಯಲ್ಲಿ ಸ್ವಂತ ಗಾಡಿಯ ಹಾನಿಗೆ ಕಟ್ಟೋ ಪ್ರೀಮಿಯಂ ಮೇಲೆ 20 ಪರ್ಸೆಂಟ್ ರಿಯಾಯಿತಿ. ಆಮೇಲೆ 25, 35, 45, ಕೊನೆಗೆ 50. ಒಂದು ಕ್ಲೇಮ್ ಮಾಡಿದರೆ ಮುಂದಿನ ವರ್ಷ ಸೊನ್ನೆ. ಯಾರೂ ನಮಗೆ ಕ್ಲೇಮ್ ಇತಿಹಾಸ ಕೊಡದೇ ಇರಬಹುದು, ಈ ಅಂಕಿ ಕೊಡುತ್ತೆ.

ಈ ಗಾಡಿಯದ್ದು 2023ರ ಅಕ್ಟೋಬರ್ ಪಾಲಿಸಿಯಲ್ಲಿ 50. 2024ರ ಅಕ್ಟೋಬರ್ ಪಾಲಿಸಿಯಲ್ಲಿ ಸೊನ್ನೆ.

ಸೊನ್ನೆ ಕಂಡ ತಕ್ಷಣ ಕ್ಲೇಮ್ ಅಂತ ತೀರ್ಮಾನ ಮಾಡಬಾರದು. ಎನ್‌ಸಿಬಿ ಮಾಲೀಕನ ಹಕ್ಕು, ಗಾಡಿಯದ್ದಲ್ಲ. ಮಾಲೀಕ ಬದಲಾದರೂ ಸೊನ್ನೆ ಆಗುತ್ತೆ, ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೂ ಆಗುತ್ತೆ. ಇಲ್ಲಿ ಎರಡು ಪಾಲಿಸಿಯಲ್ಲೂ ಅದೇ ಮೊದಲ ಮಾಲೀಕರ ಹೆಸರು, ನವೀಕರಣವೂ ಸರಿಯಾದ ಸಮಯಕ್ಕೆ. ಹಾಗಾದರೆ ಉಳಿಯೋದು ಒಂದೇ ಕಾರಣ. ಗಾಡಿ ನಿಂತಿದ್ದ ಆ ವರ್ಷದಲ್ಲೇ ಕ್ಲೇಮ್ ಆಗಿದೆ. ಆಮೇಲೆ 2025ರ ಜನವರಿಯಲ್ಲಿ ಫಿಟ್‌ನೆಸ್, ಅದೇ ತಿಂಗಳು ಎರಡನೇ ಮಾಲೀಕರ ಹೆಸರಿಗೆ ಬದಲಾವಣೆ, ಮುಂದಿನ ತಿಂಗಳು ಮಾರಾಟಕ್ಕೆ. ಆರ್‌ಸಿಯಲ್ಲಿ ಮಾಲೀಕರ ಕ್ರಮಸಂಖ್ಯೆ 2 ಅಂತ ಇರೋದನ್ನ ನಾನೂ ಮೊದಲು ನೋಡಿದ್ದೆ. ಬರೇ ಎರಡನೇ ಓನರ್, ಪರವಾಗಿಲ್ಲ ಅಂದುಕೊಂಡಿದ್ದೆ. ಎರಡನೇ ಓನರ್ ಎಷ್ಟು ದಿನ ಇಟ್ಟುಕೊಂಡಿದ್ದ ಅಂತ ಕೇಳಬೇಕು ಅನ್ನೋದು ನನಗೂ ಆವತ್ತೇ ಹೊಳೆದದ್ದು.

ಸಿಎನ್‌ಜಿ ಸಿಲಿಂಡರಿನ ಪ್ಲೇಟು

ಮುಂಬೈನಲ್ಲಿ ಇದನ್ನ ಬಿಡೋ ಹಾಗಿಲ್ಲ. ಗಾಡಿಯ ಸಿಎನ್‌ಜಿ ಸಿಲಿಂಡರನ್ನ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಮಾಡಿಸಲೇಬೇಕು, ಕಂಪನಿಯಲ್ಲೇ ಕೂರಿಸಿದ್ದಾದರೂ ಅಷ್ಟೇ. ಒಳಗೆ ನೀರು ತುಂಬಿ ಒತ್ತಡ ಕೊಟ್ಟು, ಸಿಲಿಂಡರ್ ಎಷ್ಟು ಹಿಗ್ಗುತ್ತೆ, ಮತ್ತೆ ತನ್ನ ಅಳತೆಗೆ ಬರುತ್ತಾ ಅಂತ ನೋಡ್ತಾರೆ. ಟೆಸ್ಟ್ ತಾರೀಖು, ಮುಂದಿನ ತಾರೀಖು ಇರೋ ಒಂದು ಲೋಹದ ಪ್ಲೇಟು ಗಾಡಿ ಮೇಲಿರುತ್ತೆ. ಅದರ ಸಿಲಿಂಡರ್ ನಂಬರನ್ನ ಸಿಲಿಂಡರಿನ ಮೇಲೆ ಒತ್ತಿರೋ ನಂಬರ್ ಜೊತೆ ತಾಳೆ ನೋಡಿ. ಹೊರಗಿನ ಕಿಟ್ ಹಾಕಿಸಿದ್ದಾದರೆ ಆರ್‌ಸಿಯಲ್ಲಿ ಇಂಧನದ ಜಾಗದಲ್ಲಿ ಸಿಎನ್‌ಜಿ ಅಂತ ಸೇರಿಸಿರಲೇಬೇಕು. ಇಲ್ಲದಿದ್ದರೆ ಆ ಕಿಟ್ ಅಕ್ರಮ.

ಈ ಗಾಡಿಯ ಪ್ಲೇಟಿನಲ್ಲಿದ್ದ ಗಡುವು 2022ಕ್ಕೇ ಮುಗಿದಿತ್ತು.

ಕೊನೆಗೆ ಗಾಡಿ ಹತ್ತಿರ ಹೋದೆವು

ಭಾನುವಾರ ಬೆಳಿಗ್ಗೆ ಒಬ್ಬ ಮೆಕ್ಯಾನಿಕ್‌ನ ಕರೆದುಕೊಂಡು ಹೋದೆವು. ಏಜೆಂಟ್ ಹೇಳಿದವನೂ ಅಲ್ಲ, ಕಾಕಾನ ಪರಿಚಯದವನೂ ಅಲ್ಲ. 1,500 ಕೊಟ್ಟೆ. ಕಾಗದ ನೋಡಿದ ಮೇಲೆ ಗಾಡಿ ನೋಡೋದರಲ್ಲಿ ಒಂದು ಲಾಭ ಇದೆ, ಏನು ಹುಡುಕಬೇಕು ಅಂತ ಗೊತ್ತಿರುತ್ತೆ. "ಒಂದು ದೊಡ್ಡ ಕ್ಲೇಮ್ ಆಗಿದೆ, ಎಲ್ಲಿ ಪೆಟ್ಟು ಬಿದ್ದಿದೆ ನೋಡಿ" ಅಂದೆ.

ಹತ್ತು ನಿಮಿಷವೂ ಬೇಕಾಗಲಿಲ್ಲ. ಮುಂದಿನ ಗಾಜಿನ ಮೂಲೆಯಲ್ಲಿದ್ದ ತಯಾರಿಕೆಯ ಗುರುತು ಬೇರೆ ಗಾಜುಗಳಿಗಿಂತ ಹೊಸದು. ಡ್ರೈವರ್ ಬಾಗಿಲಿನ ಬೋಲ್ಟ್‌ಗಳ ಮೇಲೆ ಪಾನಾ ಆಡಿದ ಗೀರು. ಈಕೋಗೆ ಇಂಜಿನ್ ಮುಂದಿನ ಸೀಟಿನ ಕೆಳಗೆ. ಆ ಸೀಟು ಎತ್ತಿ ಟಾರ್ಚ್ ಬಿಟ್ಟರೆ ಬಲಗಡೆ ಮುಂಭಾಗದ ಫ್ರೇಮಿನಲ್ಲಿ ಉದ್ದಕ್ಕೂ ಹೊಸ ವೆಲ್ಡಿಂಗ್, ಅದರ ಮೇಲೆ ದಪ್ಪಗೆ ಕಪ್ಪು ಬಣ್ಣ. ಡ್ರೈವರ್ ಕಾಲು ಇಡೋ ಜಾಗದಿಂದ ಒಂದು ಗೇಣು ಮುಂದೆ.

ಕಾಕಾ ಬಗ್ಗಿ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹುಡುಗನ ಕಾಲು ಇಲ್ಲೇ ಇರ್ತಿತ್ತಲ್ಲ" ಅಂದರು.

ಹಾಗಾದರೆ ಫಿಟ್‌ನೆಸ್ ಹೇಗೆ ಕೊಟ್ಟರು ಅಂತ ನೀವು ಕೇಳಬಹುದು. ತಪಾಸಣೆಯಲ್ಲಿ ನೋಡೋದು ಬ್ರೇಕ್, ದೀಪ, ಹಾರ್ನ್, ಸ್ಟೀರಿಂಗ್, ಟೈರ್, ಹೊಗೆ, ನಂಬರ್ ಪ್ಲೇಟು ಇಂಥವನ್ನ. ಸೀಟು ಬಿಚ್ಚಿ ಬಣ್ಣದ ಕೆಳಗಿನ ವೆಲ್ಡಿಂಗ್ ಹುಡುಕೋ ಕೆಲಸ ಅದಲ್ಲ. ಬ್ರೇಕ್ ಹಿಡಿಯುತ್ತೆ, ದೀಪ ಉರಿಯುತ್ತೆ, ಪಾಸ್. 2021ರ ಸೆಪ್ಟೆಂಬರ್‌ನಲ್ಲಿ ಬಂದ ನಿಯಮದ ಪ್ರಕಾರ ಯಂತ್ರಗಳೇ ಪರೀಕ್ಷೆ ಮಾಡಿ ಫಲಿತಾಂಶ ದಾಖಲಿಸೋ ತಪಾಸಣಾ ಕೇಂದ್ರಗಳು ಹಂತಹಂತವಾಗಿ ಬರ್ತಿವೆ. ಗಾಡಿ ಅಂಥ ಕಡೆ ಪಾಸಾಗಿದ್ದರೆ ಸರ್ಟಿಫಿಕೇಟಿನ ಜೊತೆ ಆ ಟೆಸ್ಟ್ ರಿಪೋರ್ಟನ್ನೂ ಕೇಳಿ. ಅದರಲ್ಲಿ ಬ್ರೇಕಿನ ಅಳತೆ ಅಂಕಿಯಲ್ಲೇ ಇರುತ್ತೆ.

ಮುಂಬೈ ಗಾಡಿಗೆ ಇನ್ನೊಂದು ಪರೀಕ್ಷೆ ನೀರಿನದ್ದು. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು, ಮಿಠಿ ಉಕ್ಕಿತು. ಆ ಕಾಲದ ಗಾಡಿಗಳು ಈಗ ಕಡಿಮೆ. ಆದರೆ 2017ರ ಆಗಸ್ಟ್ 29ರಂಥ ದಿನಗಳು ಆಮೇಲೂ ಬಂದಿವೆ. ಸೀಟ್‌ಬೆಲ್ಟನ್ನ ಕೊನೆವರೆಗೂ ಎಳೆದು ನೀರಿನ ಕಲೆ ಇದೆಯಾ ನೋಡಿ. ಸೀಟಿನ ಹಳಿಗಳಲ್ಲಿ ತುಕ್ಕು, ಮ್ಯಾಟಿನ ಕೆಳಗೆ ಒಣ ಮಣ್ಣು, ಫ್ಯೂಸ್ ಬಾಕ್ಸಿನಲ್ಲಿ ಕೆಸರು ಹುಡುಕಿ. ನೀರು ಕುಡಿದ ಗಾಡಿಯನ್ನ ಎಷ್ಟು ತೊಳೆದರೂ ಈ ಮೂಲೆಗಳನ್ನ ತೊಳೆಯೋರು ಕಡಿಮೆ.

ಕೊಳ್ಳೋದು ನಿಜವಾದರೆ

ಎಲ್ಲಾ ಸರಿ ಇದೆ ಅಂತ ಅನ್ನಿಸಿದ ಮೇಲೂ ದುಡ್ಡು ಕೊಡೋ ಮುಂಚೆ ಇಷ್ಟು ಮಾಡಿ.

1. ಚಾಸಿ ನಂಬರನ್ನ ಗಾಡಿ ಮೇಲೆ ಕಣ್ಣಾರೆ ನೋಡಿ ಆರ್‌ಸಿ ಜೊತೆ ತಾಳೆ ನೋಡಿ. ಹೆಸರು ಬದಲಾವಣೆಗೆ ಪೆನ್ಸಿಲ್ ಪ್ರಿಂಟ್ ಬೇಕಾಗುತ್ತೆ, ಅದನ್ನ ನಿಮ್ಮ ಕೈಯಾರೆ ತೆಗೀರಿ. ಅಕ್ಷರಗಳ ಸುತ್ತ ಉಜ್ಜಿದ ಗುರುತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

2. ಕದ್ದ ಗಾಡಿಯಾ ಅಂತ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವಾಹನ ಹುಡುಕಾಟದಲ್ಲಿ ನೋಡಿ. ಇ-ಚಲನ್ ಬಾಕಿಯನ್ನೂ ನೋಡಿ.

3. ಸಾಲದ ಗುರುತು ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. "ಸಾಲ ತೀರಿಸಿದೀನಿ, ಆರ್‌ಸಿಯಲ್ಲಿ ತೆಗೆಸಿಲ್ಲ ಅಷ್ಟೇ" ಅನ್ನೋ ಮಾತಿಗೆ ದುಡ್ಡು ಕೊಡಬೇಡಿ.

4. ಮಾಲೀಕರಿಂದಲೇ ಪರಿವಾಹನ್‌ನಲ್ಲಿ ಆರ್‌ಸಿ ಪರ್ಟಿಕ್ಯುಲರ್ಸ್‌ಗೆ ಅರ್ಜಿ ಹಾಕಿಸಿ. ಸ್ವಲ್ಪ ಶುಲ್ಕ ಆಗುತ್ತೆ, ಏಜೆಂಟ್ ಕಳಿಸೋ ಫೋಟೋಗಿಂತ ಗಟ್ಟಿ.

5. ಅಧಿಕೃತ ಸರ್ವಿಸ್ ಸೆಂಟರಿಗೆ ಮಾಲೀಕರ ಜೊತೆ ಹೋಗಿ ಹಳೇ ಎಂಟ್ರಿಗಳ ಕಿಲೋಮೀಟರ್ ಕೇಳಿ. ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಅಲ್ಲಿ ಸಿಕ್ಕಿಬೀಳುತ್ತೆ.

6. ಫಾರ್ಮ್ 29, ಫಾರ್ಮ್ 30ಕ್ಕೆ ಸಹಿ ಆದ ದಿನವೇ ಹೆಸರು ಬದಲಾವಣೆ ಶುರು ಮಾಡಿ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು ಅಂತ 50ನೇ ಸೆಕ್ಷನ್ನಿನಲ್ಲಿದೆ.

ಕೊನೆಯದು ಮಾರೋರಿಗೂ ಮುಖ್ಯ. 2018ರಲ್ಲಿ ನವೀನ್ ಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಗಾಡಿ ಎಷ್ಟು ಕೈ ದಾಟಿದ್ದರೂ ಅಪಘಾತದ ದಿನ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಅಂತ ಹೇಳಿದೆ. ಬೆಂಗಳೂರು ಬಿಟ್ಟು ಹೊರಗೆ ಬರೋವಾಗ ಕಾರನ್ನ ಅವಸರದಲ್ಲಿ ಮಾರಿ, ಖಾಲಿ ಫಾರ್ಮಿಗೆ ಸಹಿ ಹಾಕಿ ಬಂದ ಎಷ್ಟು ಜನ ನಮ್ಮಲ್ಲಿದ್ದೀರಿ? ಇವತ್ತೇ ನಂಬರ್ ಹಾಕಿ ನೋಡಿ. ಇನ್ನು ಇಲ್ಲಿ ಕೊಂಡ ಗಾಡಿಯನ್ನ ಊರಿಗೆ ತಗೊಂಡು ಹೋಗೋ ಯೋಚನೆ ಇದ್ದರೆ ಫಾರ್ಮ್ 28ರ ಎನ್‌ಒಸಿ ತಗೊಳ್ಳಿ. ಬೇರೆ ರಾಜ್ಯದಲ್ಲಿ 12 ತಿಂಗಳ ಮೇಲೆ ಇಟ್ಟರೆ ಅಲ್ಲಿನ ನಂಬರಿಗೆ ಬದಲಾಯಿಸಬೇಕು, ತೆರಿಗೆಯೂ ಅಲ್ಲಿಯದೇ.

ಕಾಕಾನ ಗಾಡಿ

ಆ ಗಾಡಿ ಬಿಟ್ಟೆವು. ಟೋಕನ್‌ನಲ್ಲಿ 5 ಸಾವಿರ ಮಾತ್ರ ವಾಪಸ್ ಬಂತು. ಕಾಕಾನಿಗೆ ಎರಡು ವಾರ ನನ್ನ ಮೇಲೆ ಒಳಗೊಳಗೇ ಸಿಟ್ಟಿತ್ತು ಅಂತ ಅವರ ಮಗನೇ ಹೇಳಿದ. ಬಾಡಿಗೆ ಟೆಂಪೋಗೆ ದಿನಾ ದುಡ್ಡು ಹೋಗ್ತಿತ್ತು, ಸಿಟ್ಟು ಬರೋದು ಸಹಜ.

ಏಪ್ರಿಲ್‌ನಲ್ಲಿ ಇನ್ನೊಂದು ಈಕೋ ಸಿಕ್ಕಿತು. ಅದಕ್ಕಿಂತ ಒಂದು ವರ್ಷ ಹಳೇದು. ಬಾಗಿಲ ಹತ್ತಿರ ಬಣ್ಣ ಹೋಗಿದೆ, ಹಿಂದೆ ಒಂದು ತಗ್ಗು ಬಿದ್ದಿದೆ. ಒಬ್ಬರೇ ಮಾಲೀಕರು. ಕಾಗದ ಕೇಳಿದ ತಕ್ಷಣ ಒಂದು ಹಳೇ ಪ್ಲಾಸ್ಟಿಕ್ ಫೋಲ್ಡರ್ ತಂದು ಮುಂದೆ ಇಟ್ಟರು. ಮೊದಲ ದಿನದಿಂದ ಎಲ್ಲಾ ಫಿಟ್‌ನೆಸ್, ಎಲ್ಲಾ ಪಾಲಿಸಿ, ಎರಡು ಸಲ ಕ್ಲಚ್ ಪ್ಲೇಟ್ ಬದಲಾಯಿಸಿದ ಬಿಲ್ಲು ಸಮೇತ. ನಾನು ಪೇಪರ್ ತೆಗೆದು ಬರೆಯೋಕೆ ಶುರು ಮಾಡೋ ಮುಂಚೆಯೇ ಕಾಕಾ ಬೆರಳು ಮಡಚ್ತಾ ತಾರೀಖು ಎಣಿಸ್ತಿದ್ದರು. ಕೋವಿಡ್ ವರ್ಷಕ್ಕೆ ಬಂದಾಗ ನನ್ನ ಕಡೆ ನೋಡಿ, "ಇದು ಲೆಕ್ಕಕ್ಕಿಲ್ಲ, ಹೌದಿಲ್ಲೋ?" ಅಂದರು.

"ಹೌದ್ರೀ ಕಾಕಾ" ಅಂದೆ.

ಆದರೂ ಸೀಟು ಎತ್ತಿಸಿ, ಟಾರ್ಚ್ ಹಿಡಿದು ತಾವೇ ನೋಡಿದರು.

ಇವತ್ತಿಗೆ ಇಷ್ಟು. ಊರಲ್ಲಿ ಯಾರಾದರೂ ಹಳೇ ಗಾಡಿ ನೋಡ್ತಿದ್ದರೆ ಅವರಿಗೆ ಇದನ್ನ ಓದಿ ಹೇಳಿ, ಟೋಕನ್ ಕೊಡೋ ಮುಂಚೆ.